ಗಾಡಿ ಕೀಲಿ ಯಾರ ಜೇಬಿನಲ್ಲಿರಬೇಕು? ನೇಡಿನ್ ಗಾರ್ಡಿಮರ್ ಓದಿದವರು ಯಾರಾದರೂ ಇದ್ದೀರಾ

ಓದುಗೀತಾ
ನಮಸ್ಕಾರ ಎಲ್ಲರಿಗೂ. ದಕ್ಷಿಣ ಆಫ್ರಿಕಾದ ನೇಡಿನ್ ಗಾರ್ಡಿಮರ್ ಅವರ 'ಜುಲೈಸ್ ಪೀಪಲ್' ನಿನ್ನೆ ರಾತ್ರಿ ಮುಗಿಸಿದೆ. 1981ರ ಕಾದಂಬರಿ. ತೆಳ್ಳಗಿದೆ, ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಎರಡು ವಾರ ಹಿಡಿಯಿತು. ಮಾತುಗಳಿಗೆಲ್ಲ ಬರೀ ಅಡ್ಡಗೆರೆ ಹಾಕಿದ್ದಾರೆ. ಯಾರು ಯಾರಿಗೆ ಹೇಳ್ತಿದ್ದಾರೆ ಅಂತ ಪ್ರತಿ ಸಲ ಎರಡು ಸಾಲು ಹಿಂದಕ್ಕೆ ಹೋಗಬೇಕು.

ಕಥೆ ಗೊತ್ತಿಲ್ಲದವರಿಗೆ: ದೇಶದಲ್ಲಿ ದಂಗೆ ಎದ್ದಿದೆ, ಜೋಹಾನ್ಸ್‌ಬರ್ಗ್ ಉರಿಯುತ್ತಿದೆ (ಇದು ಅವರ ಕಲ್ಪನೆ, ನಿಜವಾಗಿ ಹಾಗೆ ನಡೆಯಲಿಲ್ಲ). ಮೊರೀನ್, ಅವಳ ಗಂಡ ಬ್ಯಾಮ್, ಮೂವರು ಮಕ್ಕಳು. ಬಿಳಿಯರು, ಆದರೆ ಒಳ್ಳೆ ಮನಸ್ಸಿನವರು, ವರ್ಣಭೇದ ತಪ್ಪು ಅನ್ನುವವರು. ಅವರ ಮನೆಯಲ್ಲಿ ಹದಿನೈದು ವರ್ಷ ಕೆಲಸ ಮಾಡಿದ ಜುಲೈ ಅವರನ್ನೆಲ್ಲ ತನ್ನ ಹಳ್ಳಿಗೆ ಕರೆದುಕೊಂಡು ಹೋಗಿ ಗುಡಿಸಲಲ್ಲಿ ಬಚ್ಚಿಡುತ್ತಾನೆ. ಮೊದಲ ಪುಟದಲ್ಲೇ ಅವನು ಬೆಳಗಿನ ಟೀ ತರುತ್ತಾನೆ. ಗುಲಾಬಿ ಬಣ್ಣದ ಗಾಜಿನ ಕಪ್ಪು, ಪಕ್ಕದಲ್ಲಿ ಅಡ್ಡಾದಿಡ್ಡಿ ಕೊಯ್ದು ತೆರೆದ ಕಂಡೆನ್ಸ್ಡ್ ಮಿಲ್ಕ್ ಡಬ್ಬಿ. ಪಟ್ಟಣದ ಮನೆಯಲ್ಲಿ ತರುತ್ತಿದ್ದ ಹಾಗೇ. ಆದರೆ ಈಗ ಮನೆ ಅವನದು.

ನನ್ನ ಪ್ರಶ್ನೆ ಅವರು ಬಂದ ವ್ಯಾನಿನ ಕೀಲಿಯದು. ಕೀಲಿ ಜುಲೈ ಹತ್ತಿರವೇ ಉಳಿಯುತ್ತೆ. ಒಂದು ದಿನ ಹೇಳದೆ ಕೇಳದೆ ಗಾಡಿ ತಗೊಂಡು ಹೋಗಿ, ಅಂಗಡಿಯಿಂದ ಸಾಮಾನು ತರುತ್ತಾನೆ. ಸಾಮಾನು ಇವರಿಗೇ! ಆದರೂ ಗಂಡ ಹೆಂಡತಿ ಇಬ್ಬರಿಗೂ ಒಳಗೊಳಗೇ ಚುಚ್ಚುತ್ತೆ. ಅವನು ಮಾಡಿದ್ದು ತಪ್ಪಾ? ನನಗಂತೂ ಮೊರೀನ್ ಮೇಲೆ ಸಿಟ್ಟು ಬಂತು. ಹದಿನೈದು ವರ್ಷ ಜೊತೆಗಿದ್ದವನ ನಿಜವಾದ ಹೆಸರು ಮ್ವಾವಾಟೆ ಅಂತ ಕೂಡ ಅವಳಿಗೆ ಗೊತ್ತಿಲ್ಲ. ಹಾಗೂ ಬದುಕೋಕೆ ಆಗುತ್ತಾ?

ಜೊತೆಗೆ, ಇವರದು ಮುಂದೆ ಯಾವುದು ಓದಲಿ ಅಂತಲೂ ಹೇಳಿ.

ತಿಂಡಿಪೋತ
ನೊಬೆಲ್ ಬಂದವರ ಪುಸ್ತಕ ಅಂದ್ರೆ ನನಗೆ ಮೊದಲೇ ನಿದ್ದೆ. ಆದರೆ ಕೀಲಿ ಜಗಳ ಚೆನ್ನಾಗಿದೆ. ಕೂತೆ. ಕಾಫಿ ಹಿಡಿದು ಓದ್ತೀನಿ.

ಶಿರಸಿ_ಕಾಳುಮೆಣಸು
ತಪ್ಪು ಅನ್ನೋ ಪ್ರಶ್ನೆಯೇ ಬರಲ್ಲ ಗೀತಾ ಅವರೇ. ಕೀಲಿ ಅವನಿಗೆ ಹೊಸದೇನಲ್ಲ. ಇವರು ರಜಕ್ಕೆ ಹೋದಾಗಲೆಲ್ಲ ಇಡೀ ಮನೆಯ ಕೀಲಿ ಅವನ ಹತ್ತಿರವೇ ಇರುತ್ತಿತ್ತಲ್ಲ. ಆಗ ಅದು 'ನಂಬಿಕೆ'. ಈಗ ಅದೇ ಕೈಯಲ್ಲಿ ಅದೇ ಕೀಲಿ 'ಕಳ್ಳತನ'. ಅವನು ಬದಲಾಗಿಲ್ಲ. ಪೊಲೀಸು, ಕಾನೂನು, ಇವರ ಬೆನ್ನಿಗಿದ್ದ ಸರ್ಕಾರ ಇವು ಮಾಯವಾಗಿವೆ. ನಂಬಿಕೆ ಅಂದುಕೊಂಡಿದ್ದು ಸರ್ಕಾರದ ಬಲ ಅಂತ ಅವರಿಗೆ ಗೊತ್ತಾಗೋದು ಅಲ್ಲೇ.

ಜೋಬರ್ಗ್_ಜಗಲಿ
ಜೋಹಾನ್ಸ್‌ಬರ್ಗ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೀನಿ, ಸಾಫ್ಟ್‌ವೇರ್ ಕೆಲಸ. ಒಂದು ಸಣ್ಣ ತಿದ್ದುಪಡಿ: ಅದು ವ್ಯಾನ್ ಅಲ್ಲ, 'ಬಕ್ಕಿ'. ಹಿಂದೆ ತೆರೆದ ಡಬ್ಬಿ ಇರುವ ಪಿಕಪ್ ಗಾಡಿಗೆ ಇಲ್ಲಿ ಎಲ್ಲರೂ ಹಾಗೇ ಅನ್ನೋದು. ಕಾದಂಬರಿಯಲ್ಲಿ ಅದು ಹಳದಿ ಬಣ್ಣದ್ದು. ಬ್ಯಾಮ್ ತನ್ನ ನಲವತ್ತನೇ ಹುಟ್ಟುಹಬ್ಬಕ್ಕೆ ಬೇಟೆಗೆ ಹೋಗೋಕೆ ಅಂತ ತಗೊಂಡಿದ್ದು. ಅದರಲ್ಲೇ ಮೂರು ಹಗಲು ಮೂರು ರಾತ್ರಿ ಕಾಡುದಾರಿಯಲ್ಲಿ ಜೀವ ಉಳಿಸಿಕೊಂಡು ಬರ್ತಾರೆ.

ಇನ್ನೊಂದು. ಇಲ್ಲಿ ಹಳೇ ಮನೆ ಬಾಡಿಗೆಗೆ ನೋಡೋಕೆ ಹೋದರೆ ಹಿತ್ತಲಲ್ಲಿ ಒಂದು ಪುಟ್ಟ ಕೋಣೆ ಇರುತ್ತೆ. ಸಣ್ಣ ಕಿಟಕಿ, ಪಕ್ಕದಲ್ಲೇ ಬೇರೆ ಕಕ್ಕಸು. ಈಗ ಅದನ್ನು 'ಕಾಟೇಜ್' ಅಂತಾರೆ. ನಾನು ಮೊದಲು ನೋಡಿದ ಮನೆಯಲ್ಲಿ ಅಲ್ಲಿ ಸೈಕಲ್ ಇಟ್ಟಿದ್ದರು. ಗೋಡೆಗೆ ಬಟ್ಟೆ ತೂಗುಹಾಕುವ ಮೂರು ಮೊಳೆ ಇನ್ನೂ ಹಾಗೇ ಇದ್ದವು. ಜುಲೈನಂಥವರು ಇದ್ದದ್ದು ಅಂಥ ಕೋಣೆಯಲ್ಲಿ. ಹೆಂಡತಿ ಮಕ್ಕಳನ್ನು ಕರೆತಂದು ಇಟ್ಟುಕೊಳ್ಳೋಕೆ ಕಾನೂನೇ ಬಿಡುತ್ತಿರಲಿಲ್ಲ. ಕರಿಯರು ಊರೊಳಗೆ ಇರಬೇಕಾದರೆ ಜೇಬಲ್ಲಿ ಪಾಸ್ ಪುಸ್ತಕ ಬೇಕಿತ್ತು. ಆ ಪಾಸ್ ಕಾನೂನು ಹೋದದ್ದು 1986ರಲ್ಲಿ. ಜುಲೈ ಊರಿಗೆ ಹೋಗೋದು ಎರಡು ವರ್ಷಕ್ಕೊಮ್ಮೆ. ಹೆಂಡತಿ ಮಾರ್ಥಾ ಊರಲ್ಲಿ, ಪಟ್ಟಣದಲ್ಲಿ ಎಲೆನ್ ಅಂತ ಇನ್ನೊಬ್ಬಳು. ಅವನ ಸಂಸಾರ ಎರಡು ಹೋಳಾದದ್ದು ಅವನ ಚಪಲಕ್ಕೆ ಅಂತ ಬಿಡೋಕಾಗಲ್ಲ. ಆ ಪಾಸ್ ಪುಸ್ತಕವೂ ಅದಕ್ಕೆ ಕಾರಣ.

ಓದುಗೀತಾ
ಬಕ್ಕಿ! ತಿದ್ದಿಕೊಂಡೆ. ಆ ಮೂರು ಮೊಳೆ ವಿಷಯ ಓದಿ ಮನಸ್ಸು ಒಂಥರಾ ಆಯ್ತು.

ಬೈಟೂ_ಕಾಫಿ
ಎಲ್ಲರೂ ಹೊಗಳ್ತಿದ್ದೀರಿ, ನಾನೊಬ್ಬ ಅಪಶಕುನ ನುಡೀತೀನಿ. ಗಾರ್ಡಿಮರ್ ಬರವಣಿಗೆ ಫ್ರಿಜ್‌ನಲ್ಲಿಟ್ಟ ಚಪಾತಿ ಥರ. ಪೌಷ್ಟಿಕಾಂಶ ಇದೆ, ಗಂಟಲಲ್ಲಿ ಇಳಿಯಲ್ಲ. ಪಾತ್ರಗಳಿಗಿಂತ ಅವರ ರಾಜಕೀಯವೇ ಜಾಸ್ತಿ. ಅದೇ ದೇಶದ ಕುಟ್ಸೀ ಓದಿ. ಹೇಳದೇ ಹೇಳ್ತಾರೆ.

ಶಿರಸಿ_ಕಾಳುಮೆಣಸು
@ಬೈಟೂ_ಕಾಫಿ ಹೋಲಿಸೋದಾದರೆ ಪೂರ್ತಿ ಹೋಲಿಸಿ. 1984ರಲ್ಲಿ ಗಾರ್ಡಿಮರ್ ಕುಟ್ಸೀ ಅವರ 'ಮೈಕಲ್ ಕೆ' ಕಾದಂಬರಿಗೆ ವಿಮರ್ಶೆ ಬರೆದರು. ಬರವಣಿಗೆಯನ್ನು ಹೊಗಳಿಯೇ ತಕರಾರು ತೆಗೆದರು. ದೇಶ ಹೊತ್ತಿ ಉರಿಯುವಾಗ ನಿಮ್ಮ ನಾಯಕ ಕುಂಬಳ ಬೆಳೀತಾ ಕೂತಿದ್ದಾನೆ, ಎದುರು ನಿಂತವರು ಈ ಪುಸ್ತಕದಲ್ಲಿ ಎಲ್ಲಿ, ಅಂತ. ನನಗೆ ಇಬ್ಬರೂ ಬೇಕು. ಆದರೆ ಗಾರ್ಡಿಮರ್‌ಗೆ ಪಾತ್ರಗಳಿಲ್ಲ ಅನ್ನೋದು ಶುದ್ಧ ಸೋಮಾರಿ ಮಾತು.

ಬೈಟೂ_ಕಾಫಿ
ಕುಂಬಳ ಬೆಳೆಯೋದೂ ಒಂದು ರಾಜಕೀಯ ಕಣಣ್ಣ. ನಮ್ಮಪ್ಪನ್ನ ಕೇಳಿ.

ತಿಂಡಿಪೋತ
ಕುಂಬಳಕಾಯಿ ಗೊಜ್ಜು ನೆನಪಾಯ್ತು. ಕ್ಷಮಿಸಿ. ಮುಂದುವರಿಸಿ.

ನಿವೃತ್ತ_ಮೇಷ್ಟ್ರು
ಮಗೂ ಗೀತಾ, ಮುಂದೆ 'ಬರ್ಗರ್ಸ್ ಡಾಟರ್' ಓದು. 1979ರದು. ಅವರ ಎಲ್ಲ ಪುಸ್ತಕಗಳಲ್ಲಿ ನನಗೆ ಅದು ದೊಡ್ಡದು.

ಮೊದಲ ದೃಶ್ಯ ಹೇಳ್ತೀನಿ ಕೇಳು. ಜೈಲಿನ ಬಾಗಿಲ ಮುಂದೆ ಹದಿನಾಲ್ಕು ವರ್ಷದ ರೋಸಾ ನಿಂತಿದ್ದಾಳೆ. ಒಳಗೆ ಅಮ್ಮ. ಅಪ್ಪ ಅಮ್ಮ ಇಬ್ಬರೂ ವರ್ಣಭೇದದ ವಿರುದ್ಧ ಹೋರಾಡುವವರು. ಅಮ್ಮನಿಗೆ ಕೊಡೋಕೆ ರಜಾಯಿ, ಬಿಸಿನೀರಿನ ಚೀಲ ತಂದಿದ್ದಾಳೆ. ನೋಡಿದವರೆಲ್ಲ 'ಎಂಥ ಧೈರ್ಯದ ಹುಡುಗಿ, ಬರ್ಗರ್ ಮಗಳಲ್ಲವೇ' ಅನ್ನುವವರು. ಆದರೆ ಆ ಹುಡುಗಿಗೆ ಆಗ ತಿಂಗಳ ಹೊಟ್ಟೆನೋವು. ಅವಳ ಗಮನವೆಲ್ಲ ಕಿಬ್ಬೊಟ್ಟೆಯಲ್ಲಿದೆ. ಹೊರಗಿನವರಿಗೆ ಕಾಣೋದು ಹೋರಾಟ. ಅವಳಿಗೆ ತಿಳಿಯೋದು ನೋವು. ಸಭೆಗಳಲ್ಲಿ ಈ ವಿಷಯ ಗಂಟೆಗಟ್ಟಲೆ ಮಾತಾಡ್ತೀವಿ. ಆಕೆ ಒಂದು ಪುಟದಲ್ಲಿ ಮುಗಿಸಿದರು.

ಮುಂದೆ ಅಪ್ಪ ಅಮ್ಮನೇ ಅವಳನ್ನು ಜೈಲಿನಲ್ಲಿರುವ ಒಬ್ಬ ಹುಡುಗನ ಭಾವಿ ಪತ್ನಿ ಅಂತ ನಾಟಕ ಆಡಿಸಿ ಕಳಿಸುತ್ತಾರೆ. ಭೇಟಿಗೆ ಬಿಡಬೇಕಲ್ಲ, ಸುದ್ದಿ ತಲುಪಿಸಬೇಕಲ್ಲ. ಚೆನ್ನಾಗಿ ಅಲಂಕಾರ ಮಾಡಿಕೊಂಡು ಹೋಗುತ್ತಾಳೆ. ತಮಾಷೆ ಏನು ಅಂದರೆ ಆ ಹುಡುಗನ ಮೇಲೆ ಅವಳಿಗೆ ನಿಜವಾಗಿಯೂ ಮನಸ್ಸಿದೆ. ಅದನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ.

ಹಳೇ_ಪೇಪರ್
ಮೇಷ್ಟ್ರು ಹೇಳಿದ್ದಕ್ಕೆ ಸೇರಿಸ್ತೀನಿ. ಆ ಅಪ್ಪನ ಪಾತ್ರದ ಹಿಂದೆ ಇರೋದು ಬ್ರಾಮ್ ಫಿಷರ್ ಅನ್ನುವ ವಕೀಲರು. ಹುಟ್ಟಿದ್ದು ದೊಡ್ಡ ಆಫ್ರಿಕಾನರ್ (ಅಲ್ಲಿಯ ಡಚ್ ಮೂಲದ ಬಿಳಿಯರು) ಮನೆತನದಲ್ಲಿ. ಅಪ್ಪ ನ್ಯಾಯಾಧೀಶರು. ಮಗ ಕಮ್ಯುನಿಸ್ಟ್. ಮಂಡೇಲಾಗೆ ಜೀವಾವಧಿ ಶಿಕ್ಷೆ ಆಯ್ತಲ್ಲ, ಆ ರಿವೋನಿಯಾ ಮೊಕದ್ದಮೆಯಲ್ಲಿ ಮಂಡೇಲಾ ಪರ ವಾದಿಸಿದವರು ಇವರೇ. 1966ರಲ್ಲಿ ಇವರಿಗೇ ಜೀವಾವಧಿ ಶಿಕ್ಷೆ. ಕ್ಯಾನ್ಸರ್ ಉಲ್ಬಣಿಸಿ ಸಾಯುವ ಸ್ವಲ್ಪ ಮುಂಚೆ ಸೋದರನ ಮನೆಗೆ ಬಿಟ್ಟರು. 1975ರಲ್ಲಿ ತೀರಿಕೊಂಡ ಮೇಲೆ ಚಿತಾಭಸ್ಮವನ್ನು ಜೈಲು ಇಲಾಖೆಯೇ ವಾಪಸ್ ತಗೊಂಡಿತು. ಮನೆಯವರಿಗೆ ಬೂದಿಯೂ ಸಿಗಲಿಲ್ಲ. ಇದಕ್ಕಿಂತ ಇನ್ನೇನು ಬೇಕು ರಾಜಕೀಯ ಮನೆಯೊಳಗೆ ನುಗ್ಗೋದಕ್ಕೆ?

ಗಾರ್ಡಿಮರ್ ಹಸ್ತಪ್ರತಿಯನ್ನು ಫಿಷರ್ ಮಗಳಿಗೆ ಓದೋಕೆ ಕೊಟ್ಟಿದ್ದರು. ಇದು ಅವರ ಮನೆ ಕಥೆ ಅಲ್ಲ, ಕಲ್ಪನೆ ಅಂತ ಹೇಳುತ್ತಲೇ ಕೊಟ್ಟಿದ್ದರು. ಆ ಎಚ್ಚರಿಕೆ ನನಗೆ ಇಷ್ಟ.

ನಂಜನಗೂಡು_ರಸಬಾಳೆ
ಆ ಪುಸ್ತಕ ಬ್ಯಾನ್ ಆಗಿತ್ತಲ್ವಾ? ಇನ್ನೂ ಬ್ಯಾನ್ ಇದೆಯಾ?

ಹಳೇ_ಪೇಪರ್
ಅಯ್ಯೋ ಇಲ್ಲ. 1979ರ ಜುಲೈನಲ್ಲಿ ನಿಷೇಧ, ಅಕ್ಟೋಬರ್‌ನಲ್ಲಿ ತೆರವು. ಹೊರದೇಶಗಳಲ್ಲಿ ಗಲಾಟೆ ಆಯ್ತು, ಆಕೆಗೆ ಆಗಲೇ ಬುಕರ್ ಬಂದಿತ್ತು (1974, ಇನ್ನೊಬ್ಬರ ಜೊತೆ ಹಂಚಿಕೆ). ಆಕೆ ಖುಷಿ ಪಡಲಿಲ್ಲ. ನನ್ನ ಹೆಸರು ದೊಡ್ಡದು ಅಂತ ಬಿಟ್ಟಿರಿ, ಕರಿಯ ಲೇಖಕರ ಪುಸ್ತಕ ಯಾಕೆ ಬಿಡಲ್ಲ ಅಂತ ಜಗಳ ತೆಗೆದರು. ನಿಷೇಧದ ಕಥೆಯನ್ನೇ 1980ರಲ್ಲಿ ಒಂದು ಸಣ್ಣ ಪುಸ್ತಕ ಮಾಡಿ ಹೊರತಂದರು. ಅಧಿಕಾರಿಗಳು ಬರೆದ ಷರಾಗಳ ಸಮೇತ! ಇದಕ್ಕೂ ಹಿಂದೆ ಅವರ ಎರಡು ಕಾದಂಬರಿ ವರ್ಷಗಟ್ಟಲೆ ನಿಷೇಧದಲ್ಲಿದ್ದವು.

ನಂಜನಗೂಡು_ರಸಬಾಳೆ
ನಮ್ಮಲ್ಲಿ ಆಗಿದ್ದರೆ ಲೇಖಕರೇ ಕ್ಷಮೆ ಕೇಳಿ ಮನೇಲಿ ಕೂತಿರೋರು 😀

ಬೈಟೂ_ಕಾಫಿ
ಈ ದಾರಿಗೆ ಇಳಿದರೆ ಚರ್ಚೆ ಮುಚ್ಚಿಸ್ತಾರೆ. ಎಚ್ಚರ.

ಪೇಡೆ_ಪಾರ್ಸೆಲ್
ಮೇಷ್ಟ್ರು ಬರೆದ ಆ ಬಿಸಿನೀರಿನ ಚೀಲ ಓದಿ ಸುಮ್ನೆ ಇರೋಕೆ ಆಗಲಿಲ್ಲ ರೀ. ನಮ್ಮಜ್ಜನ್ನ 1975ರಲ್ಲಿ ಎಮರ್ಜೆನ್ಸಿ ಹೊತ್ತಿನಲ್ಲಿ ಮೀಸಾ (ವಿಚಾರಣೆ ಇಲ್ಲದೇ ಜೈಲಿಗೆ ಹಾಕೋ ಕಾಯ್ದೆ) ಹಾಕಿ ಹಿಡ್ಕೊಂಡು ಹೋದರು. ಹತ್ತೊಂಬತ್ತು ತಿಂಗಳು. ಅಜ್ಜ ಹೊರಗೆ ಬಂದಾಗ ಹಾರ, ಮೆರವಣಿಗೆ, ಫೋಟೋ. ಫೋಟೋ ಈಗಲೂ ಪಡಸಾಲೆಯಲ್ಲಿದೆ. ಅದರಲ್ಲಿ ಅಜ್ಜಿ ಇಲ್ಲ.

ಅಜ್ಜಿ ತಿಂಗಳಿಗೊಮ್ಮೆ ಬಸ್ಸು ಹತ್ತಿ, ಶೇಂಗಾ ಚಟ್ನಿಪುಡಿ, ಎರಡು ಜೊತೆ ಒಗೆದ ಬಟ್ಟೆ ಕಟ್ಟಿಕೊಂಡು ಜೈಲಿಗೆ ಹೋಗ್ತಿದ್ದಳು. ಊರವರು 'ಧೀರ ಹೆಂಗಸು' ಅಂತಿದ್ದರು. ಅದೇ ಊರವರು ಅವಳಿಗೆ ಸಾಲಕ್ಕೆ ಜೋಳ ಕೊಡಲಿಲ್ಲ. ಪೊಲೀಸರ ಭಯ. ಸಾಯೋ ತನಕ ಅಜ್ಜಿ ಒಂದೇ ಮಾತು ಹೇಳ್ತಿದ್ದಳು: ಅವರು ಒಳಗ ಕೂತು ಪುಸ್ತಕ ಓದಿದರು, ನಾ ಹೊರಗ ಐದು ಮಂದಿಗೆ ರೊಟ್ಟಿ ಬಡಿದೆ. ಅಜ್ಜನಿಗೆ ಈ ಮಾತು ಕೇಳಿದರೆ ಸಿಟ್ಟು ಬರ್ತಿತ್ತು. ಎದ್ದು ಹೊರಗೆ ಹೋಗ್ತಿದ್ದರು.

ಓದುಗೀತಾ
@ಪೇಡೆ_ಪಾರ್ಸೆಲ್ ಇದನ್ನ ಬರೆದಿಡಿ. ದಯವಿಟ್ಟು.

ಪೇಡೆ_ಪಾರ್ಸೆಲ್
ಬರೆದರೆ ಮನೆಯವರು ಜಗಳಕ್ಕೆ ಬರ್ತಾರ್ರಿ. ಅದಕ್ಕೇ ಇಲ್ಲಿ ಅಡ್ಡಹೆಸರಲ್ಲಿ ಬರೆದೆ.

ಶಿರಸಿ_ಕಾಳುಮೆಣಸು
ಹಾಗಾದರೆ ನೀವು ಓದಬೇಕಾದ್ದು 'ಮೈ ಸನ್ಸ್ ಸ್ಟೋರಿ' (1990). ಮನೆಯವರು ಜಗಳಕ್ಕೆ ಬರುವಂಥ ಪುಸ್ತಕ ಬರೆಯೋ ಮಗನ ಕಥೆ. ಹುಡುಗನ ಹೆಸರು ವಿಲ್. ಅಪ್ಪನಿಗೆ ಶೇಕ್ಸ್‌ಪಿಯರ್ ಹುಚ್ಚು, ಅದಕ್ಕೇ ಆ ಹೆಸರು. ಓದಿಕೊಳ್ಳೋಕೆ ರಜ ಕೊಟ್ಟಿದ್ದಾರೆ, ಇವನು ಸಿನಿಮಾಕ್ಕೆ ಹೋಗಿದ್ದಾನೆ. ಅಲ್ಲಿ ಅಪ್ಪ ಸಿಗ್ತಾನೆ. ಪಕ್ಕದಲ್ಲಿ ಬಿಳಿ ಹೆಂಗಸು. ಅಪ್ಪ ಮೊದಲು ಮೇಷ್ಟ್ರು, ಈಗ ಹೋರಾಟಗಾರ. ಆ ಹೆಂಗಸು ಪರಿಚಯವಾದದ್ದು ಅವನು ಜೈಲಿನಲ್ಲಿದ್ದಾಗ. ಗುಟ್ಟು ಇಟ್ಟುಕೊಳ್ಳೋದು ಹೋರಾಟದಲ್ಲಿ ಕಲಿತ ವಿದ್ಯೆ. ಅದನ್ನೇ ಮನೆಯಲ್ಲೂ ಬಳಸುತ್ತಾನೆ. ಮಗ ಬಾಯಿ ಬಿಡೋ ಹಾಗಿಲ್ಲ, ಬಿಟ್ಟರೆ ಅಪ್ಪನ ಜೊತೆ ಹೋರಾಟಕ್ಕೂ ಮಸಿ.

ಅಮ್ಮ ಐಲಾ ಮೂಲೆಯಲ್ಲಿ ಸುಮ್ಮನೆ ಇದ್ದವಳು. ಕೊನೆಗೆ ಏನಾಗ್ತಾಳೆ ಅಂತ ಹೇಳಲ್ಲ. ಅಪ್ಪನ ಬಾಯಿ ಕಟ್ಟುತ್ತೆ ಅಷ್ಟೇ ಹೇಳ್ತೀನಿ.

ತಿಂಡಿಪೋತ
ಇದು ಸೀರಿಯಲ್ ಆದರೆ ನಮ್ಮನೇಲಿ ಎಲ್ಲರೂ ನೋಡ್ತಾರೆ.

ನಿವೃತ್ತ_ಮೇಷ್ಟ್ರು
ನಮ್ಮಲ್ಲೂ ಇಂಥದ್ದು ಇದೆ ಅನ್ನೋದು ಮರೀಬಾರದು. ಅನಂತಮೂರ್ತಿ ಅವರ 'ಅವಸ್ಥೆ'. ಹಾಸಿಗೆ ಹಿಡಿದ ರಾಜಕಾರಣಿ ಕೃಷ್ಣಪ್ಪ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಡತಿ ಸೀತೆ. ಜನರಿಗೆ ಅವನು ದೊಡ್ಡ ಸಮಾಜವಾದಿ. ಮನೆಯಲ್ಲಿ ಹೆಂಡತಿಗೆ ಹೊಡೆದವನು. ಈ ಕಾದಂಬರಿಯೂ 1973ರದ್ದು, ಹೆಚ್ಚೂಕಮ್ಮಿ ಗಾರ್ಡಿಮರ್ ಕಾಲವೇ.

ಹಳೇ_ಪೇಪರ್
ಮೇಷ್ಟ್ರೇ, 1973 'ಭಾರತೀಪುರ'. 'ಅವಸ್ಥೆ' 1978, ಎಮರ್ಜೆನ್ಸಿ ಮುಗಿದ ಮೇಲೆ. ಅನಂತನಾಗ್ ಮಾಡಿದ ಸಿನಿಮಾ 1987.

ನಿವೃತ್ತ_ಮೇಷ್ಟ್ರು
ಸರಿ ಸರಿ. ವಯಸ್ಸಾಯ್ತು. ಆದರೆ ಆ ಕೃಷ್ಣಪ್ಪನಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ನೆರಳು ಇದೆ ಅನ್ನೋದನ್ನ ಯಾರೂ ತಿದ್ದಬೇಡಿ! ಬ್ರಾಮ್ ಫಿಷರ್ ನೆರಳು ಅಲ್ಲಿ, ಗೌಡರ ನೆರಳು ಇಲ್ಲಿ. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್‌ಡಿ ಮಾಡಿದ್ದೂ 1930ರ ದಶಕದ ರಾಜಕೀಯ ಮತ್ತು ಕಾದಂಬರಿ ಬಗ್ಗೆ.

ಬೈಟೂ_ಕಾಫಿ
'ಅವಸ್ಥೆ'ಯಲ್ಲಿ ಸೀತೆಗೆ ಮಾತಾಡೋಕೆ ಜಾಗ ಎಲ್ಲಿದೆ ಮೇಷ್ಟ್ರೇ? ನಾವು ನೋಡೋದೆಲ್ಲ ಕೃಷ್ಣಪ್ಪನ ಕಣ್ಣಿಂದ. ಪೇಡೆಯವರ ಅಜ್ಜಿ ಥರಾನೇ, ಫೋಟೋದಲ್ಲಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನಾನು ಗಾರ್ಡಿಮರ್‌ಗೆ ಮಾರ್ಕ್ಸ್ ಕೊಡ್ತೀನಿ. ಬರೆದುಕೊಳ್ಳಿ, ದಿನಾ ಕೊಡಲ್ಲ.

ಶಿರಸಿ_ಕಾಳುಮೆಣಸು
ಸ್ಕ್ರೀನ್‌ಶಾಟ್ ತಗೊಂಡೆ.

ನಂಜನಗೂಡು_ರಸಬಾಳೆ
ನಮ್ಮಪ್ಪನ ಹಳೇ ಪಾಸ್‌ಪೋರ್ಟ್‌ನಲ್ಲಿ 'ದಕ್ಷಿಣ ಆಫ್ರಿಕಾ ಬಿಟ್ಟು' ಅಂತ ಅಚ್ಚಾಗಿತ್ತು. ವರ್ಣಭೇದದ ಕಾರಣಕ್ಕೆ ಅಂತ ಗೊತ್ತಿರಲಿಲ್ಲ, ಚಿಕ್ಕವನಿದ್ದಾಗ ಅಲ್ಲಿ ಏನೋ ಕಾಯಿಲೆ ಇರಬೇಕು ಅಂದುಕೊಂಡಿದ್ದೆ. ನನಗೆ ಆ ದೇಶ ಗೊತ್ತಾದದ್ದೇ 1991ರ ನವೆಂಬರ್‌ನಲ್ಲಿ, ಈಡನ್ ಗಾರ್ಡನ್ಸ್ ಮ್ಯಾಚು. ಕ್ಲೈವ್ ರೈಸ್, ಅಲನ್ ಡೊನಾಲ್ಡ್. ಅಬ್ಬಾ ಆ ಬೌಲಿಂಗ್.

ಹಳೇ_ಪೇಪರ್
ಗಾರ್ಡಿಮರ್‌ಗೆ ನೊಬೆಲ್ ಘೋಷಣೆ ಆಗಿದ್ದು ಅದರ ಹಿಂದಿನ ತಿಂಗಳು. ನಮ್ಮ ಮನೆಯಲ್ಲಿ ಯಾರಿಗೂ ಅದರ ಸುದ್ದಿ ನೆನಪಿಲ್ಲ, ಡೊನಾಲ್ಡ್ ಐದು ವಿಕೆಟ್ ಎಲ್ಲರಿಗೂ ನೆನಪಿದೆ.

ನಂಜನಗೂಡು_ರಸಬಾಳೆ
ಗೆದ್ದದ್ದು ನಾವೇ ಸ್ವಾಮಿ!

ಜೋಬರ್ಗ್_ಜಗಲಿ
ಕ್ರಿಕೆಟ್ ಬಿಟ್ಟು ವಾಪಸ್ ಬನ್ನಿ. ಒಂದು ವಿಷಯ ಹೇಳಬೇಕಿತ್ತು. ಮಂಡೇಲಾ 'ಬರ್ಗರ್ಸ್ ಡಾಟರ್' ಅನ್ನು ಜೈಲಿನಲ್ಲೇ ಓದಿದ್ದರು, ಗುಟ್ಟಾಗಿ ಒಳಗೆ ತಂದ ಪ್ರತಿ. 1990ರಲ್ಲಿ ಬಿಡುಗಡೆ ಆದ ಕೆಲವೇ ದಿನಕ್ಕೆ ಗಾರ್ಡಿಮರ್‌ನ ಕರೆಸಿಕೊಂಡರು. ಆಕೆ ಪುಸ್ತಕದ ಬಗ್ಗೆ ಮಾತಿರಬಹುದು ಅಂದುಕೊಂಡೇ ಹೋದರು. ಅವರು ಪುಸ್ತಕದ ಮಾತೇ ಎತ್ತಲಿಲ್ಲ. ತಮ್ಮ ದಾಂಪತ್ಯ ಮುರಿದ ನೋವು ತೋಡಿಕೊಂಡರು. ಇದನ್ನು ಆಕೆ ಬರೆದದ್ದು ಮಂಡೇಲಾ ತೀರಿಕೊಂಡ ಮೇಲೆ, 2013ರಲ್ಲಿ. ಇಪ್ಪತ್ತೇಳು ವರ್ಷ ಒಳಗಿದ್ದು ಬಂದ ಮನುಷ್ಯ. ಜಗತ್ತೆಲ್ಲ ದೇಶದ ಭವಿಷ್ಯ ಕೇಳ್ತಿದೆ. ಅವರಿಗೆ ಮನೆಯ ವಿಷಯ ಹೇಳಿಕೊಳ್ಳೋಕೆ ಒಬ್ಬರು ಬೇಕಿತ್ತು. ಕಾದಂಬರಿಗಾರ್ತಿಯನ್ನು ಕರೆದರು.

ಬೈಟೂ_ಕಾಫಿ
ಇದು ಗೊತ್ತಿರಲಿಲ್ಲ. ಸುಮ್ಮನಾದೆ.

ಹೊಸಬ_2
ನಾನು ಹೊಸಬ, ತಪ್ಪಿದ್ದರೆ ಕ್ಷಮಿಸಿ. ಗೀತಾ ಮೇಡಂ, ಮೊದಲ ಪೋಸ್ಟಿನಲ್ಲಿ ಜುಲೈ ಹೆಸರು ಗೊತ್ತಿಲ್ಲದೆ 'ಹಾಗೂ ಬದುಕೋಕೆ ಆಗುತ್ತಾ' ಅಂತ ಕೇಳಿದ್ದೀರಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ಪೂರ್ತಿ ಹೆಸರು ಗೊತ್ತಾ? ನನ್ನ ಅಮ್ಮ ಮೂರು ಮನೆಗೆ ಹೋಗ್ತಾರೆ. ಒಂದು ಮನೆಯಲ್ಲಿ ಹೆಸರು ಹಿಡಿದು ಕರೀತಾರೆ. ಇನ್ನೊಂದರಲ್ಲಿ 'ಇವಳೇ'. ಮತ್ತೊಂದರಲ್ಲಿ ಮುಂಚೆ ಇದ್ದವರ ಹೆಸರಿನಲ್ಲೇ ಕರೀತಾರೆ. ಅಮ್ಮ ಓ ಅಂತಾರೆ.

ಓದುಗೀತಾ
ಇದು ನ್ಯಾಯ ಅಲ್ಲ. ನಮ್ಮ ಮಣಿ ಹನ್ನೊಂದು ವರ್ಷದಿಂದ ಬರ್ತಿದ್ದಾಳೆ. ಮನೆಯವಳ ಥರಾನೇ. ನಾವು ಊರಿಗೆ ಹೋದರೆ ಮನೆ ಕೀಲಿ ಅವಳ ಹತ್ತಿರವೇ ಇರುತ್ತೆ. ಅವಳ ಮಗನ ಫೀಸು ಕಟ್ಟಿದ್ದೀವಿ. ದಕ್ಷಿಣ ಆಫ್ರಿಕಾಕ್ಕೂ ಇದಕ್ಕೂ ಹೋಲಿಕೆ ಮಾಡಬೇಡಿ.

ಶಿರಸಿ_ಕಾಳುಮೆಣಸು
ಗೀತಾ ಅವರೇ... ಕೀಲಿ, 'ಮನೆಯವಳ ಥರ'... ಇದು ಮೊರೀನ್ ಮಾತೇ ಅಲ್ವಾ? ಬೇಜಾರು ಮಾಡ್ಕೋಬೇಡಿ.

ತಿಂಡಿಪೋತ
ಈಗ ಕಾಫಿ ಆರಿಹೋಯ್ತು.

ಬೈಟೂ_ಕಾಫಿ
ಎಲ್ಲರೂ ಸೇರಿ ಒಬ್ಬರನ್ನ ಗೋಡೆಗೆ ಒತ್ತಬೇಡಿ. ಅಲ್ಲಿ ಕಾನೂನೇ ಮನುಷ್ಯರನ್ನ ಬಣ್ಣ ನೋಡಿ ವಿಂಗಡಿಸಿತ್ತು. ಯಾರು ಯಾರನ್ನ ಮದುವೆ ಆಗಬಾರದು ಅಂತ 1949ರಲ್ಲೇ ಕಾನೂನು. ಯಾವ ಬೀದಿಯಲ್ಲಿ ಯಾರಿರಬೇಕು ಅಂತ 1950ರಲ್ಲಿ ಇನ್ನೊಂದು. ನಮ್ಮಲ್ಲಿ ಹಾಗೆ ಕಾನೂನಿಲ್ಲ.

ಹೊಸಬ_2
ಕಾನೂನಿಲ್ಲ ಸರ್. ಅಮ್ಮನಿಗೆ ಬೇರೆ ಲೋಟ ಇದೆ.

ನಿವೃತ್ತ_ಮೇಷ್ಟ್ರು
ಈ ಹುಡುಗ ಹೇಳಿದ್ದಕ್ಕೆ ಉತ್ತರ ಕೊಡೋ ಅವಸರ ಯಾರೂ ಮಾಡಬೇಡಿ.

ಕಾದಂಬರಿಯ ಒಂದು ಜಾಗ ನೆನಪಿಸ್ತೀನಿ. ಜುಲೈ ಇಂಗ್ಲಿಷ್ ಕಲಿತದ್ದು ಅಡುಗೆಮನೆಯಲ್ಲಿ, ಕಾರ್ಖಾನೆಯಲ್ಲಿ, ಗಣಿಯಲ್ಲಿ. ಆಜ್ಞೆ ಕೇಳೋಕೆ, ಹೂಂ ಅನ್ನೋಕೆ ಬೇಕಾದಷ್ಟೇ ಭಾಷೆ. ಅದರಲ್ಲಿ ಸಿಟ್ಟು ಹೇಳೋಕೆ ಪದವಿಲ್ಲ. ಮೊರೀನ್ ಅವನ ಜೊತೆ ನಯವಾಗಿ, ಸರಳ ಪದ ಹಾಕಿ ಮಾತಾಡ್ತಿದ್ದಳು. ಅದನ್ನೇ ಗೌರವ ಅಂದುಕೊಂಡಿದ್ದಳು. ಕೊನೆಗೆ ಒಂದು ಜಗಳದಲ್ಲಿ ಅವನು ಇಂಗ್ಲಿಷ್ ಬಿಟ್ಟು ತನ್ನ ಭಾಷೆಯಲ್ಲಿ ಶುರು ಮಾಡ್ತಾನೆ. ಅವಳಿಗೆ ಆ ಭಾಷೆ ಬರಲ್ಲ. ಆದರೆ ಆ ಹೊತ್ತಿನಲ್ಲಿ ಎಲ್ಲ ಅರ್ಥವಾಗುತ್ತೆ. ಹದಿನೈದು ವರ್ಷದಲ್ಲಿ ಮೊದಲ ಸಲ.

ಜೋಬರ್ಗ್_ಜಗಲಿ
ಗೀತಾ ಅವರಿಗೆ ಸಮಾಧಾನಕ್ಕೆ ಒಂದು ಮಾತು: ಈ ಪುಸ್ತಕ ಇಲ್ಲೂ ಎಲ್ಲರಿಗೂ ಇರಿಸುಮುರಿಸೇ. ವರ್ಣಭೇದ ಹೋದ ಮೇಲೆ, 2001ರಲ್ಲಿ, ಗೌಟೆಂಗ್ ಪ್ರಾಂತ್ಯದ ಒಂದು ಸಮಿತಿ ಇದನ್ನು ಶಾಲೆ ಪಟ್ಟಿಯಿಂದ ತೆಗೆಯಿರಿ ಅಂತ ಶಿಫಾರಸು ಮಾಡಿತ್ತು. ಕಾರಣ? ಪುಸ್ತಕ ಜನಾಂಗದ್ವೇಷದ್ದು, ಮೇಲರಿಮೆಯದ್ದು ಅಂತೆ! ಅದೇ ಸಮಿತಿಗೆ ಹ್ಯಾಮ್ಲೆಟ್ ಕೂಡ ಹಿಡಿಸಲಿಲ್ಲ, ಉತ್ಸಾಹ ತುಂಬಲ್ಲ ಅಂತ. ದೊಡ್ಡ ಗಲಾಟೆ ಆಗಿ ಸರ್ಕಾರ ಹಿಂದೆ ಸರಿಯಿತು. ಬಿಳಿ ಸರ್ಕಾರಕ್ಕೂ ತೊಂದರೆ, ಕರಿಯರ ಸರ್ಕಾರಕ್ಕೂ ತೊಂದರೆ ಕೊಟ್ಟ ಹೆಂಗಸು.

2006ರಲ್ಲಿ ಆಕೆಯ ಮನೆಗೇ ಕಳ್ಳರು ನುಗ್ಗಿದ್ದರು. ಎಂಬತ್ತೆರಡು ವಯಸ್ಸು. ಮದುವೆ ಉಂಗುರ ಮಾತ್ರ ಕೊಡಲ್ಲ ಅಂತ ಹಟ ಹಿಡಿದರಂತೆ. ಆಕೆಯನ್ನೂ ಮನೆಕೆಲಸದಾಕೆಯನ್ನೂ ಒಂದೇ ಸಾಮಾನು ಕೋಣೆಯಲ್ಲಿ ಕೂಡಿಹಾಕಿ ಹೋದರು. ಆಮೇಲೆ ಸ್ನೇಹಿತರು ಕಾವಲಿರುವ ಬಡಾವಣೆಗೆ ಹೋಗಿ ಅಂದರೂ ಆ ಮನೆ ಬಿಡಲಿಲ್ಲ. 2014ರ ಜುಲೈನಲ್ಲಿ ಅಲ್ಲೇ ತೀರಿಕೊಂಡರು.

ಬೈಟೂ_ಕಾಫಿ
ಆ ಸಾಮಾನು ಕೋಣೆಯಲ್ಲಿ ಇಬ್ಬರೂ ಏನು ಮಾತಾಡಿರಬಹುದು? ಅದು ಕಾದಂಬರಿ.

ನಂಜನಗೂಡು_ರಸಬಾಳೆ
'ಜುಲೈಸ್ ಪೀಪಲ್' ಕೊನೆ ಏನಾಗುತ್ತೆ? ಓದೋಕೆ ಟೈಮಿಲ್ಲ, ಹೇಳಿಬಿಡಿ.

ಶಿರಸಿ_ಕಾಳುಮೆಣಸು
ಹೆಲಿಕಾಪ್ಟರ್ ಬರುತ್ತೆ. ಯಾರದ್ದು ಅಂತ ಗೊತ್ತಿಲ್ಲ. ಕಾಪಾಡುವವರೋ, ಕೊಲ್ಲುವವರೋ. ಮೊರೀನ್ ಗಂಡ ಮಕ್ಕಳನ್ನ ಬಿಟ್ಟು ಹೊಳೆ ದಾಟಿ ಅದರ ಕಡೆ ಓಡ್ತಾಳೆ. ಓಡ್ತಾನೇ ಪುಸ್ತಕ ಮುಗಿಯುತ್ತೆ.

ನಂಜನಗೂಡು_ರಸಬಾಳೆ
ಅಷ್ಟೇನಾ?! ಎರಡು ವಾರ ಓದಿದ್ದು ಇದಕ್ಕಾ?

ತಿಂಡಿಪೋತ
ಮಕ್ಕಳನ್ನ ಬಿಟ್ಟು ಹೋಗೋ ತಾಯಿನ ನಮ್ಮ ಸೀರಿಯಲ್‌ನವರು ಒಪ್ಪಲ್ಲ. ಹಿಂದಿನ ಮಾತು ವಾಪಸ್.

ಓದುಗೀತಾ
ಮೂರು ದಿನ ಇಲ್ಲಿ ಬರಲಿಲ್ಲ. ಸಿಟ್ಟಿತ್ತು, ನಿಜ ಹೇಳ್ತೀನಿ.

ಇವತ್ತು ಬೆಳಿಗ್ಗೆ ಮಣಿ ಪಾತ್ರೆ ತೊಳೀತಿದ್ದಾಗ ಕೇಳಿದೆ. ನಿನ್ನ ಪೂರ್ತಿ ಹೆಸರೇನು ಅಂತ. ನಕ್ಕಳು. 'ಗೌರಮ್ಮ ಅಕ್ಕ' ಅಂದಳು. ಮತ್ತೆ ಮಣಿ ಅಂತ ಯಾಕೆ? 'ನಿಮ್ಮತ್ತೆ ಇಟ್ಟಿದ್ದಲ್ವಾ. ಅವರ ಹೆಸರೂ ಗೌರಮ್ಮ. ದೊಡ್ಡವರ ಹೆಸರು ಹಿಡಿದು ಗೌರಮ್ಮ ಕಸ ಗುಡಿಸು ಅಂತ ನೀವು ಹೇಗೆ ಹೇಳ್ತೀರಿ? ಅದಕ್ಕೇ ಮೊದಲ ದಿನಾನೇ ಮಣಿ ಅಂದರು.' ಅಂದಳು. ನಾನು ಆಗ ಕೆಲಸಕ್ಕೆ ಹೋಗ್ತಿದ್ದೆ, ನನಗೆ ಇದು ಗೊತ್ತೇ ಇರಲಿಲ್ಲ. ಸಂಬಳ ಅವಳ ಮಗನ ಫೋನಿಗೆ ಹಾಕ್ತೀನಿ, ಹಾಗಾಗಿ ಎಲ್ಲೂ ಹೆಸರು ಕಾಣಲಿಲ್ಲ. ಅತ್ತೆ ಹೋಗಿ ಆರು ವರ್ಷ ಆಯ್ತು.

ಇನ್ನು ಮೇಲೆ ಗೌರಮ್ಮ ಅಂತ ಕರೀಲಾ ಅಂದೆ. ಕೈಯಲ್ಲಿದ್ದ ಕುಕ್ಕರ್ ಮುಚ್ಚಳ ತಿರುಗಿಸಿ ತಿರುಗಿಸಿ ತೊಳೀತಾ ಇದ್ದಳು. 'ಬೇಡಕ್ಕ, ಎದುರುಗಡೆ ಮನೆಯವರೂ ಮಣಿ ಅಂತಾನೇ ಕರೆಯೋದು. ಈಗ ಬದಲಾಯಿಸಿದರೆ ಏನೋ ಆಯ್ತು ಅಂತಾರೆ' ಅಂದಳು. ಆಮೇಲೆ, 'ಸೋಪು ಖಾಲಿ' ಅಂದಳು.

ಪೇಡೆ_ಪಾರ್ಸೆಲ್
ಅತ್ತೆಯವರು ಮಾಡಿದ್ದೂ ಕೆಟ್ಟ ಮನಸ್ಸಿನಿಂದ ಅಲ್ಲ ಬಿಡ್ರಿ. ನಮ್ಮ ಕಡೆ ಅತ್ತೆ ಹೆಸರು ಬಾಯಲ್ಲಿ ತರೋ ಹಾಗೇ ಇಲ್ಲ.

ಶಿರಸಿ_ಕಾಳುಮೆಣಸು
ಕೆಟ್ಟ ಮನಸ್ಸು ಬೇಕಾಗಲ್ಲ ಅನ್ನೋದೇ ಅಲ್ವಾ ತೊಂದರೆ. ಇಬ್ಬರಲ್ಲಿ ಯಾರ ಹೆಸರು ಹೋಗಬೇಕು ಅನ್ನೋದು ಯೋಚಿಸದೇ ತೀರ್ಮಾನ ಆಗಿಬಿಡುತ್ತೆ.

ಬೈಟೂ_ಕಾಫಿ
ಪಾಪ ಅವರು ಹೇಳಿಕೊಂಡಿದ್ದಕ್ಕೇ ಮತ್ತೆ ಪಾಠ ಶುರು ಮಾಡಿದ್ರಲ್ಲ ನೀವು.

ಹೊಸಬ_2
ಗೀತಾ ಮೇಡಂ, ಕೇಳಿದ್ದಕ್ಕೆ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ: ಸೋಪು ತಂದುಕೊಟ್ಟರಾ ಅಂತ.

ಓದುಗೀತಾ
ತಂದೆ. ಎರಡು.

'ಬರ್ಗರ್ಸ್ ಡಾಟರ್' ಲೈಬ್ರರಿಯಲ್ಲಿ ಸಿಕ್ಕಿತು. ಇದೂ ಅಡ್ಡಗೆರೆ ಪುಸ್ತಕವೇ. ಮೇಷ್ಟ್ರೇ, ನೂರು ಪುಟ ಆದ ಮೇಲೆ ಬರ್ತೀನಿ. ಯಾರೂ ಕೊನೆ ಹೇಳಬೇಡಿ.

ನಂಜನಗೂಡು_ರಸಬಾಳೆ
ಹೆಲಿಕಾಪ್ಟರ್ ಬರುತ್ತಾ ಅದರಲ್ಲೂ?